ಹಂಚಿನ ಕಾರ್ಖಾನೆಯ ಅಜ್ಜಿಗೂ ಒಂದು ಪ್ಯಾರಾ ಬೇಕಿತ್ತು

ಈ ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ತೀರಿಕೊಂಡ ಮಂಗಳೂರಿನ ಜೆಪ್ಪು, ಬೋಳಾರದ ಹಿರಿಯರ ಬಗ್ಗೆ ನೀವು ಲೇಖನ ಬರೆದದ್ದು ಒಳ್ಳೆಯದಾಯಿತು. ಆದರೆ ಡಾಕ್ಟ್ರಿಗೆ, ಮೇಷ್ಟ್ರಿಗೆ, ಭಾಗವತರಿಗೆ ಒಂದೊಂದು ಪ್ಯಾರಾ; ನಮ್ಮ ನೆರೆಮನೆಯ ಅಜ್ಜಿಗೆ ಮಾತ್ರ "ಮೂವರು ಪುತ್ರಿಯರನ್ನು ಅಗಲಿದ್ದಾರೆ" ಅಂತ ಒಂದೇ ಸಾಲು. ಪೇಪರಿನ ನಿಧನ ಕಾಲಂನಲ್ಲೂ ಅಷ್ಟೇ ಬಿಡಿ.

ಅವರು ಹಂಚಿನ ಕಾರ್ಖಾನೆಯಲ್ಲಿ ದುಡಿದವರು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಶುರು ಮಾಡಿದ ಉದ್ಯಮ ಅಂತ ಎಲ್ಲರೂ ಹೆಮ್ಮೆಪಡುತ್ತಾರೆ. ಪ್ರೆಸ್ಸಿನಿಂದ ಬಂದ ಹಸಿ ಹಂಚಿನ ಅಂಚು ಕೆತ್ತಿ, ಒಣಗಿಸಲು ಹೊತ್ತವರು ಇಂಥ ಹೆಂಗಸರು. ಕಾರ್ಖಾನೆ ಮುಚ್ಚಿದ ಮೇಲೆ ಬೀಡಿ. ತಡ್ಪೆ (ಮೊರ) ಮಡಿಲಲ್ಲಿಟ್ಟು ಎಲೆ ಕತ್ತರಿಸಿ, ಸುರುಟಿ, ನೂಲು ಸುತ್ತುವಾಗ ಕೈಯ ಕಡೆ ನೋಡುತ್ತಲೇ ಇರಲಿಲ್ಲ. ಬಾಯಲ್ಲಿ ಪಾಡ್ದನ ಅನ್ನುವ ತುಳು ಜನಪದ ಹಾಡು, ಕಣ್ಣು ಗೇಟಿನ ಮೇಲೆ. ನಮ್ಮ ಕೇರಿಯ ಎಷ್ಟೋ ಹುಡುಗಿಯರ ಫೀಸು ಅವರು ಕಲಿಸಿಕೊಟ್ಟ ಬೀಡಿಯಿಂದಲೇ ಹುಟ್ಟಿದ್ದು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಯಾರದ್ದಾದರೂ ಕಟ್ಟು ಸರಿಯಿಲ್ಲ ಅಂತ ಬದಿಗೆ ಸರಿಸಿದರೆ ಇವರೇ ಜಗಳಕ್ಕೆ ನಿಲ್ಲುವುದು, ಅದೂ ಅಪ್ಪಟ ತುಳುವಿನಲ್ಲಿ! (ಇಲ್ಲಿ ಬರೆಯುವ ಹಾಗಿಲ್ಲ.)

ಭಾನುವಾರ ಅಜ್ಜಿಯ ಬೊಜ್ಜ (ಉತ್ತರಕ್ರಿಯೆ). ಅವರ ಜೊತೆ ಹಂಚು ಹೊತ್ತ ಇಬ್ಬರು ಇನ್ನೂ ಗಟ್ಟಿಯಾಗಿದ್ದಾರೆ, ಬರುತ್ತಾರೆ. ನೀವೂ ಬನ್ನಿ, ಪೆನ್ನು ಹಿಡಿದುಕೊಂಡೇ ಬನ್ನಿ.