ಅಪ್ರೆಂಟಿಸ್‌ಶಿಪ್ ಐಟಿಐ ಹುಡುಗರಿಗೆ ಮಾತ್ರ ಅಲ್ಲ

ಪುಣೆ ಪಕ್ಕದ ಪಿಂಪ್ರಿ-ಚಿಂಚವಡದ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಅಪ್ರೆಂಟಿಸ್‌ಶಿಪ್ (ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ) ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ: "ಅಪ್ರೆಂಟಿಸ್‌ಶಿಪ್ ಐಟಿಐ ಓದಿದವರಿಗೆ ಮಾತ್ರ, ಬಿಇ ಆದವರು ಅರ್ಜಿ ಹಾಕಬೇಡಿ." ಇದು ತಪ್ಪು. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲೇ ತಿದ್ದುಪಡಿ ಮಾಡಿ ಎಂಜಿನಿಯರಿಂಗ್ ಪದವೀಧರರನ್ನೂ ಸೇರಿಸಿದ್ದಾರೆ. ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆಯಾದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲು ದುಡ್ಡು ಕೊಡಬೇಕಿಲ್ಲ. ತಿಂಗಳಿಗೆ ಸ್ಟೈಪೆಂಡ್ ಸಿಗುತ್ತದೆ. ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಂಪನಿಗೆ ಕಡ್ಡಾಯವಿಲ್ಲ, ಅದೂ ಗೊತ್ತಿರಲಿ.

ವಿಜಯಪುರದಿಂದ ಬಂದ ನನ್ನ ತಂಗಿ ಮಗ ಹೋದ ವರ್ಷ ಪುಣೆ ಹತ್ತಿರದ ಚಾಕಣದಲ್ಲಿ ಹೀಗೇ ಅಪ್ರೆಂಟಿಸ್ ಆಗಿ ಸೇರಿದ. ವರ್ನಿಯರ್ (ಸೂಕ್ಷ್ಮವಾಗಿ ಅಳೆಯೋ ಉಪಕರಣ) ಹಿಡಿದು ಯಂತ್ರದ ಶಾಫ್ಟ್ ಅಳೆಯೋದು, ಡ್ರಾಯಿಂಗ್‌ನಲ್ಲಿರೋ ಟಾಲರೆನ್ಸ್ (ಅಳತೆಯಲ್ಲಿ ಒಪ್ಪೋ ಹೆಚ್ಚು-ಕಡಿಮೆ) ಮೀರಿದ್ದನ್ನು ತಿರಸ್ಕರಿಸಿ ಕೆಂಪು ಟ್ರೇಗೆ ಹಾಕೋದು ಅಲ್ಲೇ ಕಲಿತ. ಕಾಲೇಜಲ್ಲಿ ಟಾಲರೆನ್ಸ್ ಅಂದ್ರೆ ಪರೀಕ್ಷೆಯ ಪ್ರಶ್ನೆ ಅಷ್ಟೇ ಆಗಿತ್ತು. ದಯವಿಟ್ಟು ಆ ಮೆಸೇಜ್ ಸುಮ್ನೆ ಮುಂದೆ ಕಳಿಸಬೇಡಿ.