ಹೆಸರಲ್ಲಿ ಲಿವರ್ ಇದ್ದ ಮಾತ್ರಕ್ಕೆ ಅದು ಮದ್ದಲ್ಲ

ಇವತ್ತು ಬೆಳಿಗ್ಗೆ ನಮ್ಮ ಕೊಡಗಿನ ಗಾಳಿಬೀಡು ಕಡೆ ನೋಡಿದ್ದನ್ನು ಬರೆಯದೆ ನನಗೆ ನಿದ್ದೆ ಬರುವುದಿಲ್ಲ. ಮಳೆ ಸ್ವಲ್ಪ ಬಿಟ್ಟಿತ್ತು. ರಸ್ತೆ ಬದಿಯ ಬರೆಯ, ಅಂದರೆ ಮಣ್ಣಿನ ಇಳಿಜಾರಿನ, ತುಂಬಾ ಹಸಿರು ಚಪ್ಪಟೆ ಹಾಳೆಗಳು ಮಣ್ಣಿಗೆ ಅಂಟಿಕೊಂಡಿದ್ದವು. ಪ್ರವಾಸಿಗರನ್ನು ಕರೆತಂದ ಹುಡುಗನೊಬ್ಬ ಅದನ್ನು ಕಿತ್ತು ತೋರಿಸಿದ. "ಇದು ಲಿವರ್‌ವರ್ಟ್ ಸಾರ್. ಹೆಸರಲ್ಲೇ ಇದೆಯಲ್ಲ, ಕಾಮಾಲೆಗೆ ಮದ್ದು. ಅರೆದು ಕುಡಿಯಬೇಕು." ಒಬ್ಬರು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡೂ ಬಿಟ್ಟರು. ನನಗೆ ಸಿಟ್ಟು ತಡೆಯಲಿಲ್ಲ. ಅಲ್ಲೇ ಜಗಳವಾಡಿದೆ.

ಹೆಸರಲ್ಲೇ ಇದೆ ಅಂತೆ! ಆ ಹೆಸರು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಬೇಡವೇ? ವರ್ಟ್ ಅಂದರೆ ಹಳೇ ಇಂಗ್ಲಿಷಿನಲ್ಲಿ ಗಿಡ, ಸೊಪ್ಪು, ಅಷ್ಟೇ. ನರಹುಲಿಗೆ ಹೇಳುವ ವಾರ್ಟ್ ಬೇರೆಯೇ ಪದ. ಈ ಗಿಡದ ಹಾಳೆ ಕವಲು ಕವಲಾಗಿ ಈಲಿಯ, ಅಂದರೆ ಲಿವರಿನ, ಥರ ಕಾಣುತ್ತದೆ. ಗಿಡ ಯಾವ ಅಂಗದ ಹಾಗೆ ಕಾಣುತ್ತದೋ ಆ ಅಂಗಕ್ಕೆ ಅದೇ ಮದ್ದು ಅಂತ ಯುರೋಪಿನಲ್ಲಿ ಹಿಂದೆ ನಂಬಿದ್ದರು. 16ನೇ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯ ಇದನ್ನೇ ಸಾರಿದ. ಅಕ್ರೋಟು ಮಿದುಳಿನ ಹಾಗಿದೆ, ಹಾಗಾಗಿ ತಲೆಗೆ ಒಳ್ಳೆಯದು. ಇದು ಈಲಿಯ ಹಾಗಿದೆ, ಹಾಗಾಗಿ ಲಿವರ್‌ಗೆ ಒಳ್ಳೆಯದು. ಬರೀ ಆಕಾರ ನೋಡಿ ಇಟ್ಟ ಹೆಸರು. ಗುಣ ಕಂಡು ಇಟ್ಟದ್ದಲ್ಲ.

ಇಷ್ಟಕ್ಕೆ ಯಾಕೆ ಕೂಗಾಡಿದಿರಿ ಅಂತ ಮನೆಯಲ್ಲಿ ಕೇಳಿದರು. ನಮ್ಮ ಚಿಕ್ಕಪ್ಪನ ವಿಷಯ ನಿಮಗೆಲ್ಲ ಗೊತ್ತಲ್ಲ. ಕಣ್ಣು ಹಳದಿಯಾದ ಮೇಲೆ ಮೂರು ವಾರ ಸೊಪ್ಪಿನ ರಸ ಕುಡಿಸಿದೆವು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ತಡವಾಗಿತ್ತು. ದಿನಾ ಆ ಲೋಟ ಬಾಯಿಗೆ ಹಿಡಿದವನು ನಾನೇ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ನಮ್ಮಲ್ಲೂ ಮದ್ದುಸೊಪ್ಪು ಇದೆಯಲ್ಲ ಅಂತ ಕೆಲವರು ಹೇಳಬಹುದು. ಇದೆ. ಕೊಡವರ ಕಕ್ಕಡ ತಿಂಗಳ 18ಕ್ಕೆ ನಾನೂ ತಪ್ಪದೆ ಆ ಸೊಪ್ಪಿನ ಪಾಯಸ ತಿನ್ನುತ್ತೇನೆ. ಆದರೆ ಅದು ತಲೆತಲಾಂತರದಿಂದ ತಿಂದವರು ಇಟ್ಟ ಹೆಸರು. ಎಲೆ ಯಾವ ಅಂಗದ ಹಾಗಿದೆ ಅಂತ ನೋಡಿ ಇಟ್ಟದ್ದಲ್ಲ. ಮತ್ತೆ, ಕಾಮಾಲೆ ಬಂದವರನ್ನು ಮದ್ದುಪಾಯಸ ಕುಡಿಸಿ ಯಾರೂ ಮನೆಯಲ್ಲಿ ಮಲಗಿಸುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಅದರ ಜಾತಿಯ ಹೆಸರನ್ನಾದರೂ ನೋಡಿ. ಬರೆಯಲ್ಲಿ ಜಾಸ್ತಿ ಕಣ್ಣಿಗೆ ಬೀಳುವ ಲಿವರ್‌ವರ್ಟ್ ಮಾರ್ಕಾಂಶಿಯಾ. ಅದಕ್ಕೆ ಆ ಹೆಸರಿಟ್ಟವನು ಫ್ರಾನ್ಸಿನ ಒಬ್ಬ ಮಗ. 1713ರಲ್ಲಿ, ಗಿಡಗಳನ್ನೇ ಓದಿಕೊಂಡಿದ್ದ ತನ್ನ ಅಪ್ಪನ ನೆನಪಿಗೆ. ಅದರಲ್ಲಿ ಯಾವ ಮದ್ದಿನ ಮಾತೂ ಇಲ್ಲ.

ಆ ಹುಡುಗ ಹೇಳಲು ಬೇರೆ ಎಷ್ಟೊಂದಿತ್ತು! ಇದಕ್ಕೆ ನಿಜವಾದ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ನೆಲಕ್ಕೆ ಮೊದಲು ಹತ್ತಿದ ಗಿಡಗಳು ಹೆಚ್ಚುಕಡಿಮೆ ಹೀಗೇ ಇದ್ದವು ಅನ್ನುತ್ತಾರೆ, 47 ಕೋಟಿ ವರ್ಷಗಳ ಹಿಂದೆ. ಹಾಳೆಯ ಮೇಲೆ ಪುಟ್ಟ ಪುಟ್ಟ ಬಟ್ಟಲುಗಳಿರುತ್ತವೆ. ಮಳೆಹನಿ ಬಿದ್ದರೆ ಒಳಗಿನ ಹಸಿರು ಚೂರುಗಳು ಹಾರಿ, ಬಿದ್ದಲ್ಲಿ ಹೊಸ ಗಿಡವಾಗುತ್ತವೆ. ಅವರೆಲ್ಲ ಹೋದ ಮೇಲೆ ನಾನು ಅಲ್ಲೇ ಕೂತು, ಬಾಟಲಿಯಿಂದ ಒಂದೊಂದೇ ಹನಿ ನೀರು ಬಿಟ್ಟು ನೋಡಿದೆ.

ನಿಮ್ಮ ಮನೆಯ ಹಿರಿಯರು ಇದನ್ನು ಏನಂತ ಕರೆಯುತ್ತಿದ್ದರು? ಗೊತ್ತಿದ್ದವರು ದಯವಿಟ್ಟು ಬರೆಯಿರಿ.