ಕೇಮನ್ ಕೊಟ್ಟಾಯಿತು, ಮುಂದಿನದು ಎತ್ತರದ ಗಾಡಿ ಅಲ್ಲ

ನಮ್ಮ ಪೋರ್ಶೆ ಕೇಮನ್, ಎರಡು ಸೀಟಿನ ತಗ್ಗಿನ ಸ್ಪೋರ್ಟ್ಸ್ ಕಾರು, ಬೆಂಗಳೂರಿನವರೊಬ್ಬರ ಮನೆ ಸೇರಿತು. ಹುಬ್ಬಳ್ಳಿಯ ಆ ಕೆಎ-63 ನಂಬರಿನ ಕಾರನ್ನು ಗೋಕುಲ ರೋಡಿನಲ್ಲಿ, ವಿದ್ಯಾನಗರದಲ್ಲಿ, ಭಾನುವಾರ ಬೆಳಿಗ್ಗೆ ಗದಗ ರಸ್ತೆಯಲ್ಲಿ ನೋಡಿದವರೆಲ್ಲ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳುತ್ತಿದ್ದಾರೆ. ಯಾಕೆ ಕೊಟ್ಟಿರಿ? ಮುಂದೆ ಏನು ತಗೋತೀರಿ? ಎರಡನೇ ಪ್ರಶ್ನೆಗೆ ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. "ಫಾರ್ಚೂನರ್ ತಗೋರಿ ಸರ, ನಮ್ಮ ರೋಡಿಗೆ ಅದ ಬರೋಬ್ಬರಿ." ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಇಲ್ಲೇ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ಆ ಕಾರಿನ ಬಗ್ಗೆ ಹೇಳಲೇಬೇಕು. ನನ್ನ ದಿನ ಕಳೆಯುವುದು ಲೇತ್ ಮುಂದೆ. ಕೈಗಾರಿಕೆಗಳ ವಾಲ್ವ್‌ಗಳಿಗೆ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪ್ ನಮ್ಮದು. ಹುಬ್ಬಳ್ಳಿಯಲ್ಲಿ ಈ ಕಸುಬು ದೊಡ್ಡದು, ಇಲ್ಲಿಯ ವಾಲ್ವ್ ಹೊರದೇಶಕ್ಕೂ ಹೋಗುತ್ತೆ. ಮೈಕ್ರಾನ್ ಲೆಕ್ಕದಲ್ಲಿ ಅಳೆದು ಅಳೆದು ರೂಢಿ ಆದವರಿಗೆ, ಮನಸ್ಸಿಟ್ಟು ಮಾಡಿದ ಯಂತ್ರ ಕೈಗೆ ಸಿಕ್ಕ ಕೂಡಲೇ ಗೊತ್ತಾಗುತ್ತೆ. ಕೇಮನ್ ಅಂಥದ್ದು. ಅದರ ಎಂಜಿನ್ ಸೀಟಿನ ಹಿಂದೆ, ಹಿಂದಿನ ಆಕ್ಸಲ್‌ಗಿಂತ ಮುಂದೆ ಇದೆ. 1988 ಸಿಸಿ, ನಾಲ್ಕು ಸಿಲಿಂಡರ್, ಟರ್ಬೊ, 300 ಅಶ್ವಶಕ್ತಿ. ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುವುದಿಲ್ಲ. ಎರಡು ಎಡಕ್ಕೆ, ಎರಡು ಬಲಕ್ಕೆ, ಅಡ್ಡ ಮಲಗಿವೆ. ಹಾಗಾಗಿ ಎಂಜಿನ್ನಿನ ಭಾರ ನೆಲದ ಹತ್ತಿರ ಉಳಿಯುತ್ತೆ, ಕಾರಿನ ನಡುಭಾಗದಲ್ಲಿ ಉಳಿಯುತ್ತೆ. ಧಾರವಾಡದಿಂದ ಹಳಿಯಾಳದ ಕಡೆ ಹೋಗುವಾಗ ತಿರುವಿನಲ್ಲಿ ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೆ ಇಡೀ ಕಾರು ಒಟ್ಟಿಗೆ ತಿರುಗುತ್ತೆ. ಮೂತಿ ಮೊದಲು, ಬಾಲ ಆಮೇಲೆ ಅಂತ ಇಲ್ಲ. ಆ ಅನುಭವಕ್ಕೆ ನಾನು ದುಡ್ಡು ಕೊಟ್ಟಿದ್ದೆ. ಅದಕ್ಕೆ ಪೂರ್ತಿ ಬೆಲೆ ಸಿಕ್ಕಿತು.

ಎಷ್ಟೋ ಐಟಿಐ ಹುಡುಗರು ವರ್ಕ್‌ಶಾಪಿಗೆ ಬಂದು "ಸರ್, ಎಂಜಿನ್ ತೋರಿಸ್ರಿ" ಅಂತ ಕೇಳುತ್ತಿದ್ದರು. ತೋರಿಸಲು ಆಗುವುದಿಲ್ಲ. ಮುಂದಿನ ಬಾನೆಟ್ ತೆಗೆದರೆ 150 ಲೀಟರಿನ ಡಿಕ್ಕಿ. ಹಿಂದೆ ತೆಗೆದರೂ ಡಿಕ್ಕಿ, ಅಲ್ಲಿ ಆಯಿಲ್ ಮತ್ತು ಕೂಲಂಟ್ ಹಾಕುವ ಮುಚ್ಚಳ ಅಷ್ಟೇ. ಆದರೂ ಹುಡುಗರು ಬಿಡುತ್ತಿರಲಿಲ್ಲ. ಕಾಗದದ ಮೇಲೆ ಪಿಸ್ಟನ್ ಚಿತ್ರ ಬರೆದು, ಅಡ್ಡ ಎಂಜಿನ್ ಹೇಗೆ ಕೆಲಸ ಮಾಡುತ್ತೆ ಅಂತ ಹೇಳಿಕೊಡುತ್ತಿದ್ದೆ. ನಮ್ಮಂಥ ಊರಿಗೆ ಇಂಥ ಗಾಡಿ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಆ ಹುಡುಗರೇ. ಒಳ್ಳೆಯ ಯಂತ್ರ ನೋಡುವ ಹಕ್ಕು ಬೆಂಗಳೂರಿನ ಮಕ್ಕಳಿಗೆ ಮಾತ್ರ ಇಲ್ಲ.

ಹಾಗಾದರೆ ಯಾಕೆ ಕೊಟ್ಟೆ? ರಸ್ತೆ ಒಂದು ಕಾರಣ, ಅದೊಂದೇ ಅಲ್ಲ.

ನಮ್ಮ ಕಡೆ ಎರೆ ಭೂಮಿ. ನವಲಗುಂದ, ಅಣ್ಣಿಗೇರಿ, ಗದಗದ ಕಡೆ ಹೋದವರಿಗೆ ಗೊತ್ತು. ಮಳೆ ಬಿದ್ದರೆ ಆ ಮಣ್ಣು ಉಬ್ಬುತ್ತೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತೆ. ಮೇಲಿನ ಡಾಂಬರು ಎಷ್ಟೇ ಚೆನ್ನಾಗಿದ್ದರೂ ಅಡಿಪಾಯ ಗಟ್ಟಿ ಇಲ್ಲದಿದ್ದರೆ ಕೆಲವು ವರ್ಷಕ್ಕೆ ರಸ್ತೆ ಅಲೆ ಅಲೆಯಾಗುತ್ತೆ. ಆ ಅಲೆಯ ಮೇಲೆ ತಗ್ಗಿನ ಕಾರು ವೇಗವಾಗಿ ಹೋದರೆ ಹೊಟ್ಟೆ ನೆಲಕ್ಕೆ ತಾಗುತ್ತೆ. ಇನ್ನು ಹಂಪ್. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ಅಗಲಕ್ಕೆ ಹರಡಿದ ಹಂಪನ್ನು ಕೇಮನ್ ಕೂಡ ನಿಧಾನಕ್ಕೆ ದಾಟುತ್ತೆ. ಆದರೆ ಹಳ್ಳಿ ಮುಂದೆ ಅಪಘಾತ ಆದ ಮರುದಿನ ಸಿಟ್ಟಿನಲ್ಲಿ ಸುರಿದ ಡಾಂಬರ ಗುಡ್ಡೆಗೆ ಯಾವ ಅಳತೆ? ಹಳ್ಳಿಯವರ ಸಿಟ್ಟು ನ್ಯಾಯದ್ದೇ. ಮಕ್ಕಳು ರಸ್ತೆ ದಾಟಬೇಕಲ್ವಾ. ಹಂಪನ್ನು ಅಳತೆ ಹಿಡಿದು ಹಾಕಿಸಬೇಕಾದವರು ಅಲ್ಲಿಗೆ ಬರುವುದೇ ಇಲ್ಲ, ನನ್ನ ಸಿಟ್ಟು ಅವರ ಮೇಲೆ.

ಹುಬ್ಬಳ್ಳಿ-ಧಾರವಾಡ ಬೈಪಾಸ್ ಬಗ್ಗೆ ಬೇರೆ ಹೇಳಬೇಕೇ? ಗಬ್ಬೂರಿನಿಂದ ನರೇಂದ್ರದವರೆಗೆ ಎಷ್ಟೋ ವರ್ಷ ಎರಡೇ ಲೇನ್. ಮುಂಬೈ-ಬೆಂಗಳೂರು ಲಾರಿಗಳೆಲ್ಲ ಅದರ ಮೇಲೆ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳಿದ್ದ ಟೆಂಪೊ ಟ್ರಾವೆಲರ್‌ಗೆ ಆದ ಅಪಘಾತ ಈ ಊರು ಮರೆತಿಲ್ಲ. ಅದಾದ ಮೇಲೆ ಆ ರಸ್ತೆಯಲ್ಲಿ ಯಾವ ಕಾರಿನಲ್ಲಿದ್ದರೂ ಓವರ್‌ಟೇಕ್ ಮಾಡಲು ನನಗೆ ಮನಸ್ಸು ಬಂದಿಲ್ಲ. ಹೆದ್ದಾರಿ ಅಗಲ ಮಾಡುವ ಕೆಲಸ ಆಗಲೇಬೇಕಿತ್ತು. ಆದರೆ ಅಗಲ ಆದ ಮಾತ್ರಕ್ಕೆ ಅದು ರೇಸ್ ಟ್ರ್ಯಾಕ್ ಆಗಬಾರದು. ನಾಲ್ಕು ಲೇನಿನ ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. 2024ರ ಆಗಸ್ಟ್‌ನಿಂದ 130 ದಾಟಿದರೆ ನಮ್ಮ ರಾಜ್ಯದಲ್ಲಿ ಎಫ್‌ಐಆರ್. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಗಂಟೆಗೆ 275 ಕಿಲೋಮೀಟರ್ ಓಡಬಲ್ಲ ಕಾರು ಮೂರನೇ ಗೇರಿನಲ್ಲೇ ಆ ಮಿತಿ ಮುಟ್ಟುತ್ತೆ. ಅಂದರೆ ಅದರ ಬಹುಪಾಲು ಶಕ್ತಿಯನ್ನು ನಾನು ಬಳಸಬಾರದು, ಬಳಸಲೂ ಇಲ್ಲ.

ಅಧಿಕೃತ ಸರ್ವಿಸ್ ಬೇಕಂದರೆ ನಮಗೆ ಬೆಂಗಳೂರು, 400 ಕಿಲೋಮೀಟರ್ ಮೇಲೆ. ಒಂದು ಸಣ್ಣ ಸೆನ್ಸರ್ ಲೈಟ್ ಹತ್ತಿದರೂ ಲಾರಿ ಮೇಲೆ ಹೇರಿ ಕಳಿಸುವ ಯೋಚನೆ. ಮಳೆಗಾಲ ಪೂರ್ತಿ ಕವರ್ ಹೊದ್ದು ನಿಲ್ಲುತ್ತಿತ್ತು. ನಿಂತರೆ ಯಂತ್ರ ಕೆಡುತ್ತೆ. ಬ್ಯಾಟರಿ ಇಳಿಯುತ್ತೆ, ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತೆ, ಟೈರ್ ನಿಂತ ಕಡೆ ಚಪ್ಪಟೆ ಆಗುತ್ತೆ, ರಬ್ಬರ್ ಸೀಲ್ ಒಣಗುತ್ತೆ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು. ಮತ್ತೆ ನಮ್ಮ ಅವ್ವ. ಮೊಣಕಾಲು ನೋವಿನಿಂದ ಆಕೆಗೆ ಆ ಸೀಟಿಗೆ ಇಳಿಯಲೂ ಆಗದು, ಏಳಲೂ ಆಗದು. "ನೀವಿಬ್ರು ಹೋಗಿ ಬರ್ರಿ, ನಾ ಮನ್ಯಾಗ ಇರ್ತೀನಿ" ಅಂತ ನಗುತ್ತಲೇ ಹೇಳುತ್ತಿದ್ದಳು. ಎರಡೇ ಸೀಟು. ಮಗಳೂ ದೊಡ್ಡವಳಾದಳು. ಮನೆಯ ಕಾರಿನಲ್ಲಿ ಮನೆಯವರು ಕೂರಬೇಕು.

ಮಾರುವ ಕೆಲಸದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ಇಂಥ ಕಾರಿಗೆ ಹುಬ್ಬಳ್ಳಿಯಲ್ಲಿ ಗಿರಾಕಿ ಸಿಗುವುದು ಕಷ್ಟ. ಹೈದರಾಬಾದಿನಿಂದ, ಕೊಚ್ಚಿಯಿಂದ ಕರೆ ಬಂದವು. ಬೇರೆ ರಾಜ್ಯಕ್ಕೆ ಕೊಟ್ಟರೆ ಫಾರಂ 28 ಹಾಕಿ ಎನ್‌ಒಸಿ ತೆಗೆಸಬೇಕು, ತೆಗೆದುಕೊಂಡವರು ಅಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಅದನ್ನು ಅವರು ನಮ್ಮ ಬೆಲೆಯಲ್ಲೇ ಮುರಿಯುತ್ತಾರೆ. 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ 18 ಪರ್ಸೆಂಟ್, ಮೇಲೆ ಸೆಸ್. 80 ಲಕ್ಷದ ಕಾರಿಗೆ ತೆರಿಗೆಯೇ 14 ಲಕ್ಷ ದಾಟುತ್ತೆ. ಆ ಹಣ ಈಗಾಗಲೇ ಕಟ್ಟಿದ ಕಾರು ರಾಜ್ಯದ ಒಳಗೇ ಹೋದರೆ ಕೊಳ್ಳುವವರಿಗೂ ಲಾಭ, ನಮಗೂ ಲಾಭ. ಹಾಗಾಗಿ ಬೆಂಗಳೂರಿನವರಿಗೇ ಕಾದೆ.

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ ಜಿಎಸ್‌ಟಿ 40 ಪರ್ಸೆಂಟ್ ಆಯಿತು. ಕೇಳಲು ಜಾಸ್ತಿ ಅನಿಸುತ್ತೆ. ಆದರೆ ಮೊದಲು 28 ಪರ್ಸೆಂಟ್ ಮೇಲೆ ಸೆಸ್ ಸೇರಿ 45ರಿಂದ 50 ಇತ್ತು. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯುತ್ತೆ, ಚೌಕಾಸಿ ಮಾಡುವವರು ಇದನ್ನೇ ಮುಂದಿಟ್ಟರು. ನನ್ನ ಹತ್ತಿರ ಒಂದು ಉತ್ತರ ಇತ್ತು: ನಮ್ಮ ಕೇಮನ್ ಸೇರಿದ ಪೆಟ್ರೋಲ್ 718 ಸರಣಿಯ ತಯಾರಿಕೆಯೇ 2025ರ ಅಕ್ಟೋಬರ್‌ನಲ್ಲಿ ನಿಂತಿದೆ. ಕೊನೆಗೆ ತೆಗೆದುಕೊಂಡವರು ತಾವೇ ಕಾರು ಓಡಿಸುವವರು. ಬಂದ ಕೂಡಲೇ ಟೈರಿನ ಮೇಲಿನ ನಾಲ್ಕು ಅಂಕಿ ನೋಡಿದರು. ಅದು ಟೈರ್ ತಯಾರಾದ ವಾರ ಮತ್ತು ವರ್ಷ. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಕೇಳಿದರು, ಬಣ್ಣದ ದಪ್ಪ ಅಳೆಯುವ ಮೀಟರ್ ಹಿಡಿದು ಸುತ್ತು ಹಾಕಿದರು. ಇವರಿಗೇ ಕೊಡಬೇಕು ಅಂತ ನನಗೆ ಆಗಲೇ ಅನಿಸಿತು.

ಮಾಲೀಕರ ಹೆಸರು ಬದಲಿಸುವ ಫಾರಂ 29, ಫಾರಂ 30 ಸಹಿ ಹಾಕಿ ಕೊಟ್ಟು ಸುಮ್ನೆ ಕೂರಬೇಡಿ. ರಾಜ್ಯದ ಒಳಗೆ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಜವಾಬ್ದಾರಿ. ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಆ ಗಾಡಿಯಿಂದ ಏನೇ ಆದರೂ ನೋಟಿಸು ನಿಮ್ಮ ಮನೆಗೇ ಬರುತ್ತೆ. ಸಾಲ ತೀರಿದ್ದರೆ ಫಾರಂ 35 ಕೊಟ್ಟು ಬ್ಯಾಂಕಿನ ಹೆಸರು ತೆಗೆಸಿ. ಫಾಸ್ಟ್ಯಾಗ್ ಮುಚ್ಚಿಸಿ. ಇನ್ನೊಂದು ಮುಖ್ಯ ವಿಷಯ, ಬಹಳ ಜನ ಬಿಟ್ಟುಬಿಡುತ್ತಾರೆ: ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ನಿಮ್ಮದು. ಇನ್ಶೂರೆನ್ಸ್ ಕಂಪನಿಯಿಂದ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಮುಂದಿನ ಕಾರಿಗೆ ಬಳಸಬಹುದು. ಕ್ಲೇಮ್ ಇಲ್ಲದೆ ಐದು ವರ್ಷ ಕಳೆದಿದ್ದರೆ ಓನ್ ಡ್ಯಾಮೇಜ್ (ನಮ್ಮ ಕಾರಿಗೇ ಆಗುವ ಹಾನಿಯ) ಪ್ರೀಮಿಯಮ್‌ನಲ್ಲಿ 50 ಪರ್ಸೆಂಟ್ ಉಳಿತಾಯ. ಸಣ್ಣ ಮೊತ್ತ ಅಲ್ಲ.

ಈಗ ಮುಂದಿನ ಕಾರು. ಫಾರ್ಚೂನರ್ ಕೆಟ್ಟ ಗಾಡಿ ಅಂತ ನಾನು ಹೇಳುವುದಿಲ್ಲ. ಗಟ್ಟಿಮುಟ್ಟಾದ ಗಾಡಿ, ಹೊಲದ ಬದುವಿನ ಮೇಲೂ ಹತ್ತುತ್ತೆ. ಹಾವೇರಿ ಕಡೆ ಹೊಲ-ತೋಟ ಇರುವವರಿಗೆ ಅದು ಸರಿ. ನನ್ನ ದಿನ ಕೇಶ್ವಾಪುರದಿಂದ ಗೋಕುಲ ರೋಡಿಗೆ, ಆಗಾಗ ಧಾರವಾಡಕ್ಕೆ. ನಡುವಿನ ಲೇನ್ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ಮೀಸಲು, ಉಳಿದ ಜಾಗದಲ್ಲಿ ಆಟೊ, ಬೈಕು, ಕಾಲೇಜಿನ ಹುಡುಗರು. ಅಲ್ಲಿ ಎರಡು ಟನ್ ಮೀರಿದ ಎತ್ತರದ ಗಾಡಿ ನನಗ್ಯಾಕೆ? ಎತ್ತರ ಇದ್ದರೆ ಸುರಕ್ಷಿತ ಅನ್ನುವ ನಂಬಿಕೆ ನಮ್ಮ ಜನರಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ಭಾರ ಮೇಲೆ ಹೋದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತೆ, ಭಾರ ಹೆಚ್ಚಾದಷ್ಟೂ ಬ್ರೇಕಿಗೆ ಕೆಲಸ ಜಾಸ್ತಿ. ಇದು ಯಂತ್ರದ ಲೆಕ್ಕ, ಕಂಪನಿ ಯಾವುದಾದರೂ ಬದಲಾಗದು.

ಬಿಎಂಡಬ್ಲ್ಯು ಎಂ340ಐ ಬಗ್ಗೆ ಮಗಳು ಬಹಳ ಹೇಳಿದಳು. ಆರು ಸಿಲಿಂಡರ್, ನಾಲ್ಕು ಚಕ್ರಕ್ಕೂ ಶಕ್ತಿ, ಐದು ಜನಕ್ಕೆ ಜಾಗ. ಅದ್ಭುತ ಕಾರು. ಆದರೆ ಅದರ ಶಕ್ತಿ ಕೇಮನ್‌ಗಿಂತಲೂ ಜಾಸ್ತಿ, ರಸ್ತೆಗಳು ಅವೇ. ಮತ್ತೆ ಅದೇ ಜಾಗಕ್ಕೆ ಬಂದ ಹಾಗೆ. ಎಲೆಕ್ಟ್ರಿಕ್ ಕೂಡ ನೋಡಿದೆ. ಮಹೀಂದ್ರದ ಬಿಇ 6 ಓಡಿಸಿ ನಿಜಕ್ಕೂ ಹೆಮ್ಮೆ ಆಯಿತು, ನಮ್ಮ ದೇಶದಲ್ಲಿ ಇಷ್ಟು ದೂರ ಬಂದಿದ್ದೇವೆ ಅಂತ. ಅದಕ್ಕೆ ಜಿಎಸ್‌ಟಿಯೂ 5 ಪರ್ಸೆಂಟ್ ಮಾತ್ರ. ಶಕ್ತಿಗೆ ಕೊರತೆ ಇಲ್ಲ. ಬ್ಯಾಟರಿಯ ಭಾರ ಮಾತ್ರ ಪ್ರತಿ ತಿರುವಿನಲ್ಲೂ ಕೈಗೆ ಗೊತ್ತಾಗುತ್ತೆ. ಕೇಮನ್ ಓಡಿಸಿದ ಕೈಗೆ ಬೇಕಾಗಿರುವುದು ಹಗುರತನ.

ನಾನು ಮನಸ್ಸು ಮಾಡಿರುವುದು ಫೋಕ್ಸ್‌ವ್ಯಾಗನ್ ವರ್ಟಸ್ ಸೆಡಾನ್, 1.5 ಲೀಟರ್ ಟರ್ಬೊ, ಮ್ಯಾನುವಲ್ ಗೇರ್. ಅದೂ ಸೆಕೆಂಡ್ ಹ್ಯಾಂಡ್. 150 ಅಶ್ವಶಕ್ತಿ, ಅಂದರೆ ಕೇಮನ್‌ನ ಸರಿ ಅರ್ಧ. ಅಷ್ಟು ಸಾಕು. ಗೇರ್ ನಾನೇ ಹಾಕಬೇಕು, ಮಿತಿಯ ಒಳಗೇ ಎಂಜಿನ್ನಿಗೆ ಕೆಲಸ ಕೊಡಬಹುದು. ಕಲಘಟಗಿ ದಾಟಿ ಯಲ್ಲಾಪುರದ ಕಾಡು ಹಿಡಿದು ಅರಬೈಲ್ ಘಟ್ಟ ಇಳಿಯುವಾಗ ಎರಡನೇ, ಮೂರನೇ ಗೇರಿನ ನಡುವೆ ಕೈ-ಕಾಲು ಎರಡೂ ದುಡಿಯುತ್ತವೆ. ನೆಲದಿಂದ 179 ಮಿಲಿಮೀಟರ್ ಎತ್ತರ, ನಮ್ಮ ಹಂಪುಗಳಿಗೆ ನಡೆಯುತ್ತೆ. ಹೆಚ್ಚು ಭಾರ ಇಲ್ಲದಾಗ ನಾಲ್ಕರಲ್ಲಿ ಎರಡು ಸಿಲಿಂಡರ್ ತಾನಾಗಿಯೇ ವಿಶ್ರಾಂತಿ ತೆಗೆದುಕೊಳ್ಳುತ್ತವೆ, ಪೆಟ್ರೋಲ್ ಉಳಿಯುತ್ತೆ. ಗ್ಲೋಬಲ್ ಎನ್‌ಕ್ಯಾಪ್‌ನ ಅಪಘಾತ ಸುರಕ್ಷತೆ ಪರೀಕ್ಷೆಯಲ್ಲಿ 2023ರಲ್ಲಿ ಐದು ಸ್ಟಾರ್. 2023ರ ಏಪ್ರಿಲ್ ನಂತರದ ಗಾಡಿಯನ್ನೇ ಹುಡುಕುತ್ತಿದ್ದೇನೆ, ಆಗಿನಿಂದ ಬಂದ ಹೊಸ ಕಾರುಗಳ ಪೈಪು, ಸೀಲು ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ) ಪೆಟ್ರೋಲ್ ತಾಳುವಂತೆ ಇರಬೇಕು ಅನ್ನುವ ನಿಯಮ ಇದೆ. ಸರ್ವಿಸ್ ಹುಬ್ಬಳ್ಳಿಯಲ್ಲೇ ಆಗುತ್ತೆ. ಅವ್ವ ಬಾಗಿಲು ತೆಗೆದು ಆರಾಮಾಗಿ ಕೂರಬಹುದು. ಮಗಳು ಕ್ಲಚ್ ಹಿಡಿದು ಕಾರು ಓಡಿಸುವುದನ್ನು ಇದರಲ್ಲೇ ಕಲಿಯುತ್ತಾಳೆ. ಆಟೊಮ್ಯಾಟಿಕ್ ಆಮೇಲೆ ಎಂದಾದರೂ ಕಲಿಯಬಹುದು.

"ಪೋರ್ಶೆ ಬಿಟ್ಟು ವರ್ಟಸ್ ಏನ್ರೀ?" ಅಂತ ಒಬ್ಬ ಗೆಳೆಯ ಬೇಜಾರು ಮಾಡಿಕೊಂಡ. ನನಗೆ ಇದರಲ್ಲಿ ಇಳಿದುಹೋದ ಭಾವನೆ ಸ್ವಲ್ಪವೂ ಇಲ್ಲ. ಉಳಿದ ದುಡ್ಡು ವರ್ಕ್‌ಶಾಪಿಗೆ ಹೋಗುತ್ತೆ, ಹೊಸ ಸಿಎನ್‌ಸಿ ಟರ್ನಿಂಗ್ ಸೆಂಟರಿಗೆ, ಅಂದರೆ ಕಂಪ್ಯೂಟರ್ ನಡೆಸುವ ಲೇತಿಗೆ. ನಮ್ಮಲ್ಲಿ ಕೆಲಸ ಮಾಡುವ ಹುಡುಗರು ಬಹಳ ದಿನದಿಂದ ಕೇಳುತ್ತಿದ್ದರು. ಪ್ರತಿದಿನ ಎರಡು ಪಾಳಿ ಓಡುವ ಯಂತ್ರ ಅದು, ಕವರ್ ಹೊದ್ದು ನಿಲ್ಲುವುದಿಲ್ಲ.

ಈ ಕಡೆ 1.5 ಮ್ಯಾನುವಲ್ ಇಟ್ಟುಕೊಂಡವರು ಇದ್ದರೆ ಎರಡು ವಿಷಯ ತಿಳಿಸಿ. ಹುಬ್ಬಳ್ಳಿ ಟ್ರಾಫಿಕ್‌ನಲ್ಲಿ ಕ್ಲಚ್ ಎಷ್ಟು ಭಾರ ಅನಿಸುತ್ತೆ? ಹಿಂದೆ ಮೂವರು ಕೂತು ಡಿಕ್ಕಿ ತುಂಬಿದಾಗ ಅಣ್ಣಿಗೇರಿ ಕಡೆಯ ಹಂಪಿಗೆ ತಳ ತಾಗುತ್ತಾ? ಮತ್ತೆ, ಕೆಎ-25 ಅಥವಾ ಕೆಎ-63ರಲ್ಲಿ ಒಬ್ಬರೇ ಓಡಿಸಿದ, ಪೂರ್ತಿ ಸರ್ವಿಸ್ ದಾಖಲೆ ಇರುವ ಗಾಡಿ ಯಾರಾದರೂ ಕೊಡುವವರಿದ್ದರೆ ಮೆಸೇಜ್ ಮಾಡಿ. ಬಣ್ಣ ಯಾವುದಾದರೂ ನಡೆಯುತ್ತೆ.